ಸಾರಾಂಶದಲ್ಲಿ ಸಾರವೆಷ್ಟು?

ಕನ್ನಡ ಉತ್ತರಪತ್ರಿಕೆಗಳನ್ನು ತಿದ್ದಿದವರಿಗೆಲ್ಲ ಪರಿಚಿತವಾದ ಪ್ರಶ್ನೆಯೊಂದಿದೆ: ‘ಕೆಳಗಿನ ಗದ್ಯಭಾಗವನ್ನು ಮೂರನೆಯ ಒಂದು ಭಾಗಕ್ಕೆ ಸಂಗ್ರಹಿಸಿ, ತಕ್ಕ ಶೀರ್ಷಿಕೆಯನ್ನು ಕೊಡಿ.’ ವಿದ್ಯಾರ್ಥಿಗಳು ಇದನ್ನು ಸುಲಭವೆಂದು ಭಾವಿಸಿ ಕಡೆಗೆ ಉಳಿಸಿಕೊಳ್ಳುತ್ತಾರೆ. ಅಂಕ ಕಳೆದುಕೊಳ್ಳುವುದೂ ಇಲ್ಲಿಯೇ. ಕೆಲವರು ಮೂರು ವಾಕ್ಯಕ್ಕೊಂದರಂತೆ ಎತ್ತಿ ಬರೆಯುತ್ತಾರೆ. ಕೆಲವರು ಮೂಲದಲ್ಲಿಲ್ಲದ ನೀತಿಯೊಂದನ್ನು ತಾವೇ ಸೇರಿಸಿ ಉಪಕಾರ ಮಾಡುತ್ತಾರೆ. ಯಾವುದನ್ನು ಬಿಡಬಹುದೆಂದು ತಿಳಿಯಬೇಕಾದರೆ ಇಡೀ ಭಾಗ ಯಾವುದಕ್ಕಾಗಿ ನಿಂತಿದೆಯೆಂಬುದು ಮೊದಲು ತಿಳಿದಿರಬೇಕು. ಈ ಮಾತನ್ನು ನಾನು ತರಗತಿಯಲ್ಲಿ ವರ್ಷವರ್ಷವೂ ಹೇಳುತ್ತ ಬಂದಿದ್ದೇನೆ. ಹೇಳುವುದು ಸುಲಭ.

ಈಗ ಇದೇ ಪ್ರಶ್ನೆಗೆ ಉತ್ತರ ಬರೆಯಲು ಹೊಸ ಪರೀಕ್ಷಾರ್ಥಿಯೊಬ್ಬ ಬಂದು ಕುಳಿತಿದ್ದಾನೆ. ಅವನಿಗೆ ನಿದ್ರೆಯಿಲ್ಲ, ಬೇಸರವಿಲ್ಲ, ಕೈಬರಹದ ತೊಂದರೆಯಿಲ್ಲ. ಕಚೇರಿಗಳಲ್ಲಿ ಒಟ್ಟಿಗೆ ಕೆಲಸ ಮಾಡುವವರು ದಿನವಿಡೀ ಕಂಪ್ಯೂಟರಿನಲ್ಲಿಯೂ ಮೊಬೈಲಿನಲ್ಲಿಯೂ ನಡೆಸುವ ಚಾಟ್ ಮಾತುಕತೆಯನ್ನೆಲ್ಲ ಓದಿ, ದಿನಕ್ಕೊಮ್ಮೆಯೋ ವಾರಕ್ಕೊಮ್ಮೆಯೋ ಗೊತ್ತಾದ ಹೊತ್ತಿಗೆ ಅದರ ಸಾರಾಂಶವನ್ನು ಸಾದರಪಡಿಸುವ ಯಂತ್ರ ಅದು. ಬೆಂಗಳೂರಿನಲ್ಲಿ ಕೆಲಸಕ್ಕಿರುವ ನನ್ನ ಹಳೆಯ ಶಿಷ್ಯರು ಸೋಮವಾರ ಬೆಳಿಗ್ಗೆ ಕಾಫಿಯ ಜೊತೆಗೆ ಮೊದಲು ಓದುವುದು ಇದನ್ನೇ ಎನ್ನುತ್ತಾರೆ. ಅಷ್ಟು ಮಂದಿ ಅಷ್ಟು ನಿಯಮಿತವಾಗಿ ಓದುವ ಗದ್ಯ ಇನ್ನೊಂದಿದೆಯೆ? ಹಾಗಿದ್ದ ಮೇಲೆ ಇದನ್ನೂ ಒಂದು ಗದ್ಯಪ್ರಕಾರವೆಂದು ಎಣಿಸಿ, ಅದರ ಗುಣದೋಷಗಳನ್ನು ವಿಚಾರಿಸುವುದು ವಿಮರ್ಶೆಯ ಕೆಲಸವೇ ಸರಿ.

ಇದರ ಹುಟ್ಟನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ದೂರದೂರ ಕುಳಿತವರು ಒಂದೇ ಕಟ್ಟೆಯಲ್ಲಿ ಕುಳಿತಂತೆ ಬರವಣಿಗೆಯಲ್ಲಿ ಮಾತಾಡುವ ಏರ್ಪಾಡು 1988ರಲ್ಲಿ ಫಿನ್ಲೆಂಡಿನ ಜಾರ್ಕೊ ಓಯ್ಕರಿನೆನ್ ರೂಪಿಸಿದ ‘ಐಆರ್‌ಸಿ’ಯಿಂದ ಪ್ರಸಿದ್ಧಿಗೆ ಬಂತು. ಅದನ್ನು ಕಚೇರಿಯ ಪಡಸಾಲೆಗೆ ತಂದ ‘ಸ್ಲ್ಯಾಕ್’ 2013ರಲ್ಲಿ ಹೊರಬಂದಿತು. ಆಟವೊಂದನ್ನು ಕಟ್ಟುತ್ತಿದ್ದ ಸಂಸ್ಥೆಯವರು ತಮ್ಮೊಳಗೆ ಮಾತಾಡಿಕೊಳ್ಳಲು ಮಾಡಿಕೊಂಡ ಸಲಕರಣೆ ಅದು. ಆಟ ಮುಚ್ಚಿಹೋಯಿತು, ಹರಟೆ ಉಳಿಯಿತು. ಉಳಿದದ್ದು ಬೆಳೆಯಿತು. ಒಂದು ದಿನ ರಜೆ ಹಾಕಿ ಬಂದವನ ಮುಂದೆ ಮುನ್ನೂರು ಸಂದೇಶ ಬಿದ್ದಿರುವ ಸ್ಥಿತಿ ಬಂದಾಗ, ಯಾರಾದರೂ ಸಂಗ್ರಹಿಸಿ ಕೊಡಬಾರದೆ ಎಂದು ಅನ್ನಿಸುವುದು ಸಹಜ. 2024ರಲ್ಲಿ ಸ್ಲ್ಯಾಕ್ ತಾನೇ ಈ ಸೇವೆಯನ್ನು ಒದಗಿಸಿತು. ಉಳಿದವರಲ್ಲಿಯೂ ಇಂಥದೇ ಏರ್ಪಾಡುಗಳಿವೆ.

ಯಂತ್ರದಿಂದ ಸಾರಾಂಶ ಬರೆಸುವ ಯೋಚನೆ ಇದಕ್ಕಿಂತ ಬಹಳ ಹಳೆಯದು. ಐಬಿಎಂ ಸಂಸ್ಥೆಯ ಹಾನ್ಸ್ ಪೀಟರ್ ಲೂನ್ 1958ರಲ್ಲಿಯೇ ಈ ಕುರಿತು ಲೇಖನ ಪ್ರಕಟಿಸಿದ್ದನು. ಅವನ ವಿಧಾನ ಸರಳ. ಲೇಖನವೊಂದರಲ್ಲಿ ಯಾವ ಯಾವ ಪದ ಎಷ್ಟು ಸಲ ಬಂದಿದೆಯೆಂದು ಎಣಿಸುವುದು. ಎಲ್ಲ ಕಡೆಯೂ ಬರುವ ಸಾಮಾನ್ಯ ಪದಗಳನ್ನು ಬಿಡುವುದು. ಮಹತ್ವದ ಪದಗಳು ಒತ್ತೊತ್ತಾಗಿರುವ ವಾಕ್ಯಗಳನ್ನು ಆರಿಸಿ ಹಾಗೆಯೇ ಅಚ್ಚುಹಾಕುವುದು. ಇದರಲ್ಲಿ ಬುದ್ಧಿಯೇನೂ ಇರಲಿಲ್ಲ. ಆದರೆ ಒಂದು ಮರ್ಯಾದೆ ಇತ್ತು. ಉಳಿದ ವಾಕ್ಯ ಲೇಖಕನದೇ ಆಗಿರುತ್ತಿತ್ತು. ಇಂದಿನ ಯಂತ್ರ ಹಾಗಲ್ಲ. ಅಪಾರವಾದ ಬರವಣಿಗೆಯನ್ನು ಓದಿಸಿ, ಒಂದು ಮಾತಿನ ಮುಂದೆ ಯಾವ ಮಾತು ಬಂದೀತೆಂದು ಊಹಿಸುವ ಅಭ್ಯಾಸ ಮಾಡಿಸಿದ್ದರಿಂದ, ಅದು ಓದಿದ್ದನ್ನೆಲ್ಲ ತನ್ನ ಮಾತಿನಲ್ಲಿ ಹೊಸದಾಗಿ ಬರೆಯುತ್ತದೆ. ಲೂನನ ಯಂತ್ರ ಉದ್ಧರಿಸುತ್ತಿತ್ತು, ಇದು ಅನುವಾದಿಸುತ್ತದೆ. ಅನುವಾದಕ ಎಂದ ಮೇಲೆ ಅವನಿಗೆ ಭಾಷೆ ಎಷ್ಟು ತಿಳಿದಿದೆ, ಜನ ಎಷ್ಟು ತಿಳಿದಿದ್ದಾರೆ ಎಂಬ ಪ್ರಶ್ನೆ ಏಳುತ್ತದೆ.

ಮೊದಲು ಗುಣವನ್ನು ಹೇಳಬೇಕು. ದಿನಾಂಕ, ಮೊತ್ತ, ಯಾರಿಗೆ ಯಾವ ಕೆಲಸ ಎಂಬಂಥ ಸಂಗತಿಗಳನ್ನು ಈ ಯಂತ್ರ ಅಚ್ಚುಕಟ್ಟಾಗಿ ಹೆಕ್ಕುತ್ತದೆ. ನಮ್ಮ ಸಭೆಗಳ ನಡವಳಿಯ ಪುಸ್ತಕಗಳನ್ನು ಓದಿದವರು ಈ ಗುಣವನ್ನು ಅಲ್ಲಗಳೆಯಲಾರರು. ಹೆರಿಗೆ ರಜೆ ಮುಗಿಸಿ ಬಂದವರಿಗೆ, ಕಾಯಿಲೆಯಿಂದ ಎದ್ದು ಬಂದವರಿಗೆ, ಕಣ್ಣಿನ ತೊಂದರೆಯಿಂದ ನೂರು ಸಂದೇಶ ಓದಲಾರದವರಿಗೆ ಇದು ನಿಜವಾದ ಉಪಕಾರ. ನಾನೂ ಈ ಉಪಕಾರ ಪಡೆದವನೇ. ಅದರಿಂದ ಆದದ್ದೇನೆಂಬುದನ್ನೇ ಈಗ ಹೇಳಹೊರಟಿರುವುದು.

ಪದವಿ ತರಗತಿಗೆಂದು ಒಂದು ಗದ್ಯಪದ್ಯ ಸಂಕಲನ ಸಿದ್ಧಪಡಿಸುವ ಸಮಿತಿಗೆ ನಾನು ಸಂಚಾಲಕನಾಗಿದ್ದೆ. ಏಳು ಜನ ಅಧ್ಯಾಪಕರು, ನಾಲ್ಕು ಊರು. ಕೂಡಿ ಕುಳಿತದ್ದು ಎರಡು ಸಲ ಮಾತ್ರ. ಉಳಿದ ಮಾತೆಲ್ಲ ಚಾಟ್‌ನಲ್ಲಿ ನಡೆಯಿತು. ಅದಕ್ಕೆ ವಾರದ ಸಾರಾಂಶ ಬರೆಯುವ ಯಂತ್ರವನ್ನೂ ಜೋಡಿಸಲಾಗಿತ್ತು. ಮೌಲ್ಯಮಾಪನದ ದಿನಗಳಲ್ಲಿ ನನಗೆ ಮೂಲ ಸಂದೇಶಗಳನ್ನು ಓದಲು ಬಿಡುವಾಗಲಿಲ್ಲ. ಸೋಮವಾರದ ಸಾರಾಂಶವನ್ನು ಮಾತ್ರ ಓದುತ್ತಿದ್ದೆ. ಅವುಗಳಲ್ಲೊಂದು ಹೀಗಿತ್ತು:

‘ಸಂಕಲನದ ಪುಟಗಳನ್ನು 160ಕ್ಕೆ ಇಳಿಸಲು ನಿರ್ಧರಿಸಲಾಯಿತು. ಬೀಸುವ ಪದಗಳನ್ನು ಕೈಬಿಡುವ ಬಗ್ಗೆ ಚರ್ಚಿಸಲಾಯಿತು, ತಂಡ ಒಪ್ಪಿದೆ. ಮೌಲ್ಯಮಾಪನ ಭತ್ಯದ ವಿಳಂಬದ ಬಗ್ಗೆ ಸದಸ್ಯರು ಕಳವಳ ವ್ಯಕ್ತಪಡಿಸಿದರು. ಕರಡನ್ನು ಶುಕ್ರವಾರದೊಳಗೆ ಕಳುಹಿಸಬೇಕು.’

ಓದಿದೆ, ತೃಪ್ತನಾದೆ, ಶುಕ್ರವಾರ ಕರಡನ್ನು ಕಳುಹಿಸಿದೆ. ಪುಸ್ತಕ ಅಚ್ಚಾಗಿ ಬಂತು. ಬೀಸುವ ಪದಗಳನ್ನು ತಮ್ಮ ಊರಿನ ಮುದುಕಿಯರ ಬಾಯಿಂದ ಕೇಳಿ ಬರೆದುಕೊಂಡು ಬಂದಿದ್ದ ಸಹೋದ್ಯೋಗಿ ಪುಸ್ತಕವನ್ನು ತಿರುವಿಹಾಕಿ ಮೇಜಿನ ಮೇಲಿಟ್ಟರು. ಅವರ ಮುಖ ನೋಡಿ, “ಮೇಡಂ, ಬಿಡುವುದಕ್ಕೆ ನೀವೂ ಒಪ್ಪಿದ್ದಿರಲ್ಲ?” ಎಂದೆ. “ನಾನೆಲ್ಲಿ ಒಪ್ಪಿದೆ ಸಾರ್? ಸಾಕಾಯಿತು ಅಂದೆ, ಅಷ್ಟೆ” ಎಂದರು.

ಆ ರಾತ್ರಿ ಮನೆಯಲ್ಲಿ ಕುಳಿತು ಮೂಲವನ್ನು ಓದಿದೆ. ಮಂಗಳವಾರ ಅವರು ಸಾಕಷ್ಟು ದೀರ್ಘವಾಗಿ ಬರೆದಿದ್ದರು. ಸಂಕಲನದ ಹದಿನಾಲ್ಕು ಪಾಠಗಳಲ್ಲಿ ದುಡಿಯುವ ಹೆಂಗಸಿನ ದನಿಯಿರುವುದು ಈ ಪದಗಳಲ್ಲಿ ಮಾತ್ರವೆಂದೂ, ಇವನ್ನು ತೆಗೆದರೆ ಆ ದನಿ ಬೇರೆಲ್ಲಿ ಕೇಳುತ್ತದೆಂದೂ ಪ್ರಶ್ನಿಸಿದ್ದರು. ಅದಕ್ಕೆ ಒಬ್ಬರು ಪುಟಸಂಖ್ಯೆಯನ್ನು ಜ್ಞಾಪಿಸಿದರು. ಇನ್ನೊಬ್ಬರು ಕಾಗದದ ಬೆಲೆಯನ್ನು ಹೇಳಿದರು. ಅಷ್ಟರಲ್ಲಿ ಮತ್ತೊಬ್ಬರು ಭತ್ಯದ ಮಾತು ತೆಗೆದರು. ಎಲ್ಲರೂ ಅತ್ತ ತಿರುಗಿದರು. ಪ್ರಶ್ನೆಗೆ ಉತ್ತರ ಬರಲಿಲ್ಲ. ಎರಡು ದಿನ ಬಿಟ್ಟು, ರಾತ್ರಿ ಹನ್ನೊಂದು ಗಂಟೆಯ ಮೇಲೆ, ಆಕೆ ಒಂದು ಸಾಲು ಬರೆದಿದ್ದರು: ‘ಆಗಲಿ, ನಿಮ್ಮಿಷ್ಟ.’

ಕನ್ನಡಿಗರ ಮನೆಯಲ್ಲಿ ಬೆಳೆದ ಯಾವ ಮಗುವಿಗೂ ‘ಆಗಲಿ, ನಿಮ್ಮಿಷ್ಟ’ ಎಂಬುದರ ಅರ್ಥವನ್ನು ಹೇಳಿಕೊಡಬೇಕಾಗಿಲ್ಲ. ತಾಯಿ ಹಾಗೆಂದರೆ ಮಗು ಆಟಕ್ಕೆ ಹೋಗುವುದಿಲ್ಲ. ಹೆಂಡತಿ ಹಾಗೆಂದರೆ ಗಂಡ ಮೇಲೇಳುವುದಿಲ್ಲ. ಯಂತ್ರ ಮಾತ್ರ ಇದನ್ನು ಒಪ್ಪಿಗೆಯೆಂದು ಬರೆದುಕೊಂಡಿತು. ನಿಘಂಟಿನ ಪ್ರಕಾರ ಅದರ ತಪ್ಪೇನೂ ಇಲ್ಲ.

ಇಲ್ಲಿ ನಮ್ಮ ಆಲಂಕಾರಿಕರನ್ನು ನೆನೆಯದೆ ಇರಲಾಗದು. ಒಂಬತ್ತನೆಯ ಶತಮಾನದ ಆನಂದವರ್ಧನನು ವಾಚ್ಯಾರ್ಥಕ್ಕೂ ಧ್ವನಿಗೂ ಇರುವ ಅಂತರವನ್ನು ತೋರಿಸಲು ಕೊಟ್ಟ ಮೊದಲ ಉದಾಹರಣೆ ಒಂದು ಪ್ರಾಕೃತ ಪದ್ಯ. ಗೋದಾವರಿಯ ದಡದ ಪೊದೆ ಅವಳ ಸಂಕೇತಸ್ಥಾನ. ಹೂ ಕೀಳಲು ಬರುವ ಧಾರ್ಮಿಕನೊಬ್ಬನಿಂದ ಅವಳ ಏಕಾಂತಕ್ಕೆ ಭಂಗ. ಅವನಿಗೆ ಅವಳು ಹೇಳುತ್ತಾಳೆ: ನಿಶ್ಚಿಂತೆಯಿಂದ ಓಡಾಡಬಹುದು, ನಿಮ್ಮನ್ನು ಹೆದರಿಸುತ್ತಿದ್ದ ನಾಯಿಯನ್ನು ಈ ದಿನ ಅಲ್ಲಿಯ ಸಿಂಹ ಕೊಂದಿತು ಎಂದು. ಮಾತು ಅನುಮತಿ, ಧ್ವನಿ ನಿಷೇಧ. ನಮ್ಮ ಯಂತ್ರಕ್ಕೆ ಈ ಪದ್ಯವನ್ನು ಕೊಟ್ಟರೆ ಎರಡು ಅಂಶಗಳ ಸಾರಾಂಶ ಬಂದೀತು: ‘ನಾಯಿಯ ಸಮಸ್ಯೆ ಪರಿಹಾರವಾಗಿದೆ. ಓಡಾಟಕ್ಕೆ ಅನುಮತಿ ನೀಡಲಾಗಿದೆ.’ ಈ ಪದ್ಯ ಪ್ರಸಿದ್ಧವಾದದ್ದರಿಂದ ಅದರ ವ್ಯಾಖ್ಯಾನವನ್ನು ಯಂತ್ರ ಎಲ್ಲೋ ಓದಿರಲೂಬಹುದು. ನನ್ನ ಸಹೋದ್ಯೋಗಿಯ ಮಾತಿಗೆ ವ್ಯಾಖ್ಯಾನ ಬರೆದವರಿಲ್ಲ.

ಧ್ವನಿ ಎಂಬುದು ಕಾವ್ಯಕ್ಕೆ ಮೀಸಲಾದ ಅಲಂಕಾರವೆಂದು ಭಾವಿಸುವುದು ನಮ್ಮ ಪಾಠಪ್ರವಚನದ ದೋಷ. ನಾವು ದಿನಬಳಕೆಯಲ್ಲಿ ಆಡುವ ‘ನೋಡೋಣ’, ‘ಪರವಾಗಿಲ್ಲ ಬಿಡಿ’, ‘ದೊಡ್ಡವರು ನೀವು ಹೇಳಿದ ಮೇಲೆ’ ಮೊದಲಾದ ಮಾತುಗಳೆಲ್ಲ ಧ್ವನಿಯ ಮೇಲೆಯೇ ನಿಂತಿವೆ. ಎದುರಿಗಿರುವವರ ಮನಸ್ಸು ನೋಯದಂತೆ ‘ಇಲ್ಲ’ ಎನ್ನುವ ವಿದ್ಯೆ ಇದು. ಕಿರಿಯರು ಹಿರಿಯರೆದುರಿಗೆ, ಹೆಂಗಸರು ಗಂಡಸರೆದುರಿಗೆ, ನೌಕರ ಅಧಿಕಾರಿಯೆದುರಿಗೆ ಹೆಚ್ಚಾಗಿ ಬಳಸುವ ಭಾಷೆಯೂ ಇದೇ. ಆದುದರಿಂದ ವಾಚ್ಯವನ್ನು ಮಾತ್ರ ಹಿಡಿಯುವ ಸಾರಾಂಶದಲ್ಲಿ ಎಲ್ಲರ ಮಾತೂ ಸಮಾನವಾಗಿ ನಷ್ಟವಾಗುವುದಿಲ್ಲ. ನೇರವಾಗಿ ಮಾತಾಡುವ ಅಧಿಕಾರವುಳ್ಳವರ ಮಾತು ಉಳಿಯುತ್ತದೆ. ಇಲ್ಲದವರದು ಒಪ್ಪಿಗೆಯಾಗಿ ಪರಿಣಮಿಸುತ್ತದೆ.

ಎರಡನೆಯ ದೋಷ ವ್ಯಾಕರಣಕ್ಕೆ ಸಂಬಂಧಿಸಿದ್ದು. ‘ನಿರ್ಧರಿಸಲಾಯಿತು’, ‘ಚರ್ಚಿಸಲಾಯಿತು’ ಎಂಬ ಕರ್ಮಣಿಪ್ರಯೋಗ ಕನ್ನಡದ ಜಾಯಮಾನಕ್ಕೆ ಹೊಂದುವುದಿಲ್ಲವೆಂದು ನಮ್ಮ ಗುರುಗಳು ಹೇಳುತ್ತಿದ್ದರು. ಕನ್ನಡದಲ್ಲಿ ಕೆಲಸ ಮಾಡಿದವನೊಬ್ಬ ಇರಬೇಕು. ಈ ದೋಷವನ್ನು ಯಂತ್ರದ ಮೇಲೆಯೇ ಹೊರಿಸುವುದು ಅನ್ಯಾಯ. ಅದು ನಮ್ಮ ಸರಕಾರಿ ಸುತ್ತೋಲೆಗಳಿಂದಲೂ ಸಭೆಯ ವರದಿಗಳಿಂದಲೂ ಕಲಿತ ಪಾಠ. ಆದರೆ ಸುತ್ತೋಲೆಯ ಕೆಳಗೆ ಒಂದು ರುಜು ಇರುತ್ತದೆ. ಇಲ್ಲಿ ಪುಟ ಇಳಿಸಲು ನಿರ್ಧರಿಸಿದವರಾರು? ಹುಡುಕಿ ನೋಡಿದರೆ ಒಬ್ಬರ ಸಲಹೆಗೆ ಇಬ್ಬರು ಹೆಬ್ಬೆರಳಿನ ಚಿತ್ರ ಒತ್ತಿದ್ದರು, ಅಷ್ಟೆ. ಏಳು ಜನರಲ್ಲಿ ಮೂವರ ಅಭಿಪ್ರಾಯ ‘ತಂಡ’ವಾಯಿತು. ‘ತಂಡ’ ಎಂಬ ಈ ಕರ್ತೃವನ್ನು ಯಾರೂ ಕಂಡಿಲ್ಲ. ಎದುರಿಗೆ ಕೂರಿಸಿ ಕೇಳಲಾಗುವುದಿಲ್ಲ.

ಮೂರನೆಯದು ಪ್ರಮಾಣದ ದೋಷ. ಭತ್ಯದ ಬಗ್ಗೆ ಹದಿನೇಳು ಸಂದೇಶ ಬಂದಿದ್ದವು. ಅದಕ್ಕೊಂದು ವಾಕ್ಯ ದೊರೆಯಿತು. ಉತ್ತರ ಸಿಗದ ಪ್ರಶ್ನೆಗೆ ಅರ್ಧ ವಾಕ್ಯವೂ ದೊರೆಯಲಿಲ್ಲ. ಆದರೆ ಆ ವಾರ ನಡೆದ ನಿಜವಾದ ಘಟನೆ ಯಾವುದು? ಪ್ರಶ್ನೆಯೊಂದು ಎದ್ದು, ಎರಡು ದಿನ ಉತ್ತರಕ್ಕಾಗಿ ಕಾದು, ಮೌನದ ಪಾಲಾದದ್ದು. ಬರೆಯದೆ ಇದ್ದದ್ದೂ ಸಂಭಾಷಣೆಯ ಒಂದು ಭಾಗ. ನಾಟಕವನ್ನು ಓದಬಲ್ಲವನು ಮಾತಿನ ನಡುವಣ ಬಿಡುವನ್ನೂ ಓದುತ್ತಾನೆ. ಸಂದೇಶಗಳನ್ನು ಸಾಲಾಗಿ ಓದುವ ಯಂತ್ರಕ್ಕೆ ಮಂಗಳವಾರದ ಮಾತಿಗೂ ಗುರುವಾರದ ರಾತ್ರಿಗೂ ನಡುವೆ ಬರೀ ಬಿಳಿಯ ಜಾಗ.

ಸಾರಾಂಶವೇ ಕೀಳು ಪ್ರಕಾರವೆಂದು ಇದರಿಂದ ತೀರ್ಮಾನಿಸಬೇಕಾಗಿಲ್ಲ. ನಮ್ಮಲ್ಲಿ ಸಂಗ್ರಹದ ಪರಂಪರೆ ಬಲು ದೊಡ್ಡದು. ಗುಣಾಢ್ಯನ ಪೈಶಾಚೀ ‘ಬೃಹತ್ಕಥೆ’ಯನ್ನು ಹನ್ನೊಂದನೆಯ ಶತಮಾನದ ಕಾಶ್ಮೀರದಲ್ಲಿ ಇಬ್ಬರು ಸಂಗ್ರಹಿಸಿದರು. ಕ್ಷೇಮೇಂದ್ರನದು ಸುಮಾರು 7,500 ಶ್ಲೋಕ; ಸೋಮದೇವನ ‘ಕಥಾಸರಿತ್ಸಾಗರ’ 21,000ಕ್ಕೂ ಹೆಚ್ಚು. ಕ್ಷೇಮೇಂದ್ರನು ಕತೆಯನ್ನು ಹಿಂಡಿದ್ದರಿಂದ ಕೆಲವೆಡೆ ಅರ್ಥವೇ ಮಸುಕಾಗಿದೆಯೆಂದು ವಿದ್ವಾಂಸರ ಆಕ್ಷೇಪ. ಸೋಮದೇವನಲ್ಲಿ ಕತೆ ನದಿಯಂತೆ ಹರಿಯುತ್ತದೆ. ಮೂಲವಾದರೋ ಇಂದು ಉಪಲಬ್ಧವಿಲ್ಲ. ಮೂಲ ನಷ್ಟವಾದಾಗ ಸಂಗ್ರಹವೇ ಮೂಲವಾಗಿಬಿಡುತ್ತದೆ. ಇದನ್ನು ಹಳೆಯ ಮಾತೆಂದು ತಳ್ಳಿಹಾಕಬೇಡಿ. ಸ್ಲ್ಯಾಕ್ ತನ್ನ ಉಚಿತ ಬಳಕೆದಾರರಿಗೆ 90 ದಿನಗಳ ಸಂದೇಶಗಳನ್ನು ಮಾತ್ರ ತೋರಿಸುವ ನಿಯಮವನ್ನು 2022ರಲ್ಲಿ ತಂದಿತು. ಇಂಥ ಕಡೆ ನಾಲ್ಕನೆಯ ತಿಂಗಳಿನಲ್ಲಿ ಉಳಿಯತಕ್ಕದ್ದು ಯಾರಾದರೂ ತೆಗೆದಿಟ್ಟ ಸಾರಾಂಶವೊಂದೇ. ಹೆಚ್ಚಿನವರ ವಿಷಯದಲ್ಲಿ ಅಷ್ಟು ದಿನವೂ ಬೇಕಾಗಿಲ್ಲ; ಓದದೆ ಬಿಟ್ಟ ಮೂಲ ಆ ದಿನವೇ ಕಳೆದುಹೋದಂತೆ.

ಕನ್ನಡಕ್ಕೆ ಬಂದರೆ, ಮಾತುಕತೆಯ ಸಂಗ್ರಹಕ್ಕೆ ‘ಶೂನ್ಯಸಂಪಾದನೆ’ಗಿಂತ ದೊಡ್ಡ ಮಾದರಿ ಯಾವುದಿದೆ? ಹನ್ನೆರಡನೆಯ ಶತಮಾನದ ಶರಣರ ವಚನಗಳನ್ನು ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹದೇವಯ್ಯನು ಸಂವಾದರೂಪದಲ್ಲಿ ಜೋಡಿಸಿದನು. ಆಮೇಲೆ ಮತ್ತೆ ಮೂವರು ಅದನ್ನು ಪರಿಷ್ಕರಿಸಿದರು. ಸಂಪಾದಕನ ಕೈ ಅಲ್ಲಿ ಧಾರಾಳವಾಗಿ ಆಡಿದೆ. ಆದರೂ ಆಡಿದವರ ಮಾತು ಅವರವರ ಅಂಕಿತದೊಡನೆಯೇ ಉಳಿದಿದೆ. ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದಾಗ ಅಲ್ಲಮನು ಆಕೆಯನ್ನು ಕಟುವಾಗಿ ಪ್ರಶ್ನಿಸುತ್ತಾನೆ; ಆಕೆ ಒಂದೊಂದಕ್ಕೂ ಎದುರು ನಿಂತು ಉತ್ತರ ಕೊಡುತ್ತಾಳೆ. ‘ಮಹಾದೇವಿಯಕ್ಕನನ್ನು ಮಂಟಪಕ್ಕೆ ಬರಮಾಡಿಕೊಳ್ಳಲು ಶರಣರು ಒಪ್ಪಿದರು’ ಎಂದು ಒಂದು ವಾಕ್ಯ ಬರೆದು ಮುಗಿಸಿದ್ದರೆ ವಿಷಯವೇನೂ ಸುಳ್ಳಾಗುತ್ತಿರಲಿಲ್ಲ. ನಮಗೆ ಅಕ್ಕನೇ ಇಲ್ಲವಾಗುತ್ತಿದ್ದಳು. ಭಿನ್ನಾಭಿಪ್ರಾಯವನ್ನು ಉಳಿಸಿಕೊಳ್ಳುವುದೇ ಸಂಪಾದನೆಯ ಧರ್ಮವೆಂದು ಆ ಸಂಪಾದಕರು ಅರಿತಿದ್ದರು.

ಈ ಯಂತ್ರಗಳ ವಿಷಯದಲ್ಲಿ ಪತ್ರಿಕೆಗಳು ಹೆಚ್ಚಾಗಿ ಚರ್ಚಿಸುವುದು ಸುಳ್ಳಿನ ಪ್ರಶ್ನೆಯನ್ನು. 2024ರ ಡಿಸೆಂಬರಿನಲ್ಲಿ ಆ್ಯಪಲ್ ಫೋನಿನ ಸಾರಾಂಶಯಂತ್ರ ಬಿಬಿಸಿಯ ಸುದ್ದಿಗಳನ್ನು ಸಂಗ್ರಹಿಸುವಾಗ, ಕೊಲೆಯ ಆರೋಪಿಯೊಬ್ಬ ತನಗೆ ತಾನೇ ಗುಂಡು ಹೊಡೆದುಕೊಂಡನೆಂದು ಇಲ್ಲದ ಸುದ್ದಿಯನ್ನು ಹುಟ್ಟಿಸಿತು. ಬಿಬಿಸಿ ದೂರಿತು, 2025ರ ಜನವರಿಯಲ್ಲಿ ಆ್ಯಪಲ್ ಸುದ್ದಿಗಳ ಸಾರಾಂಶವನ್ನು ತಡೆಹಿಡಿಯಿತು. ಅಂಥ ತಪ್ಪು ಕಣ್ಣಿಗೆ ಬೀಳುತ್ತದೆ, ತಿದ್ದಲ್ಪಡುತ್ತದೆ. ನಾನು ಹೇಳುತ್ತಿರುವುದು ಪ್ರತಿ ವಾಕ್ಯವೂ ಸಮರ್ಥಿಸಿಕೊಳ್ಳಬಹುದಾದಷ್ಟು ಸರಿಯಾಗಿದ್ದು, ಒಟ್ಟು ಚಿತ್ರ ತಪ್ಪಾಗಿರುವ ಸಾರಾಂಶದ ವಿಷಯ. ಅದರ ಮೇಲೆ ದೂರು ಕೊಡುವವರಿಲ್ಲ.

ವಾರವಾರವೂ ತಪ್ಪದೆ ಬರುವುದರಿಂದ ಈ ಪ್ರಕಾರಕ್ಕೆ ಇನ್ನೊಂದು ಶಕ್ತಿ ಪ್ರಾಪ್ತವಾಗುತ್ತದೆ. ಏನೂ ನಡೆಯದ ವಾರಕ್ಕೂ ನಾಲ್ಕು ಅಂಶ, ಮನಸ್ಸು ಮುರಿದ ವಾರಕ್ಕೂ ನಾಲ್ಕು ಅಂಶ. ಎಲ್ಲ ವಾರಗಳೂ ಒಂದೇ ಎತ್ತರಕ್ಕೆ ಬರುತ್ತವೆ. ಈ ವಾರದ ‘ತಂಡ ಒಪ್ಪಿದೆ’ ಎಂಬುದು ಮುಂದಿನ ವಾರಕ್ಕೆ ಸಿದ್ಧಾಂತ. ಅದನ್ನು ಮತ್ತೆ ಎತ್ತುವವರು ಮುಗಿದ ಮಾತನ್ನು ಕೆದಕುವವರೆನಿಸುತ್ತಾರೆ. ಇದಕ್ಕಿಂತ ನನ್ನನ್ನು ಕಳವಳಗೊಳಿಸಿದ್ದು ಬೇರೆ. ಕೆಲವು ತಿಂಗಳಾದ ಮೇಲೆ ನಮ್ಮವರು ಯಂತ್ರಕ್ಕೆ ತಿಳಿಯುವಂತೆಯೇ ಬರೆಯತೊಡಗಿದರು. ಹಾಸ್ಯ ಹೋಯಿತು, ಗಾದೆ ಹೋಯಿತು. ‘ನನ್ನ ಆಕ್ಷೇಪವನ್ನು ದಾಖಲಿಸುತ್ತೇನೆ’ ಎಂಬ ಕೋರ್ಟಿನ ಭಾಷೆ ಬಂತು. ಸಾರಾಂಶ ನಮ್ಮ ಮಾತನ್ನು ಹೋಲಬೇಕಾಗಿತ್ತು. ನಮ್ಮ ಮಾತೇ ಸಾರಾಂಶವನ್ನು ಹೋಲತೊಡಗಿತು.

ಮನುಷ್ಯನೇ ಸಾರಾಂಶ ಬರೆದಿದ್ದರೆ ತಪ್ಪಾಗುತ್ತಿರಲಿಲ್ಲವೆ ಎಂದು ವಾಚಕರು ಕೇಳಬಹುದು. ಆಗಬಹುದಾಗಿತ್ತು, ಇನ್ನೂ ಹೆಚ್ಚು ಆಗಬಹುದಾಗಿತ್ತು. ಕಾರ್ಯದರ್ಶಿಗೆ ಪಕ್ಷಪಾತವಿರುತ್ತದೆ, ಆಲಸ್ಯವಿರುತ್ತದೆ. ಆದರೆ ಅವನ ಹೆಸರು ನಮಗೆ ಗೊತ್ತಿರುತ್ತದೆ. ‘ಏನಯ್ಯ, ನಾನು ಹಾಗೆಂದೆನೆ?’ ಎಂದು ಮರುದಿನ ಅವನನ್ನು ನಿಲ್ಲಿಸಿ ಕೇಳಬಹುದು; ಅವನು ತಲೆ ತುರಿಸಿಕೊಂಡು ತಿದ್ದಬಹುದು. ಈ ಪ್ರಸಂಗದಲ್ಲಿ ಯಂತ್ರದ ತಪ್ಪಿಗಿಂತ ನನ್ನದೇ ಹೆಚ್ಚಿನದು. ಅದು ತನಗೆ ಒಪ್ಪಿಸಿದ ಕೆಲಸ ಮಾಡಿತು. ಓದಬೇಕಾಗಿದ್ದವನು ನಾನು. ಸಂಗ್ರಹಿಸುವ ಮೊದಲು ಮೂಲವನ್ನು ಎರಡು ಸಲ ಓದಿರೆಂದು ವಿದ್ಯಾರ್ಥಿಗಳಿಗೆ ಹೇಳುವವನು ಒಂದು ಸಲವೂ ಓದಲಿಲ್ಲ.

ಯಂತ್ರವನ್ನು ನಾವು ಕಿತ್ತುಹಾಕಿಲ್ಲ. ಅದರ ಬರಹವನ್ನು ಕರಡೆಂದು ಇಟ್ಟುಕೊಂಡು, ವಾರಕ್ಕೊಬ್ಬರಂತೆ ಸರದಿಯಲ್ಲಿ ಮೂಲ ಸಂದೇಶಗಳನ್ನೆಲ್ಲ ಓದಿ ತಿದ್ದುತ್ತೇವೆ. ಕೆಳಗೆ ತಿದ್ದಿದವರ ಹೆಸರಿರುತ್ತದೆ. ಕೊನೆಗೆ ಎರಡು ಸಾಲು ಕಡ್ಡಾಯ: ಯಾರು ಒಪ್ಪಲಿಲ್ಲ, ಯಾವ ಪ್ರಶ್ನೆಗೆ ಉತ್ತರ ಬಂದಿಲ್ಲ. ಮೂಲ ಓದಲು ಅರ್ಧ ಗಂಟೆ ಬೇಕಾಗುತ್ತದೆ. ಆ ಅರ್ಧ ಗಂಟೆಯನ್ನು ಉಳಿಸಲು ಹೋಗಿ ನಾವು ಕಳೆದುಕೊಂಡದ್ದು ಹನ್ನೊಂದು ಬೀಸುವ ಪದಗಳನ್ನು.

ಪುಸ್ತಕದ ಎರಡನೆಯ ಮುದ್ರಣದ ಮಾತು ಈಗ ಬಂದಿದೆ. ಪದಗಳನ್ನು ಮತ್ತೆ ಕೊಡಬೇಕೆಂದು ಆ ಸಹೋದ್ಯೋಗಿಯ ಮನೆಗೆ ಹೋಗಿ ಕೇಳಿದೆ. ಅವರು ಕಾಫಿ ಕೊಟ್ಟರು, ಮಕ್ಕಳ ಓದಿನ ವಿಷಯ ಮಾತಾಡಿದರು. ಹೊರಡುವಾಗ ಬಾಗಿಲಲ್ಲಿ ನಿಂತು, “ನೋಡೋಣ ಸಾರ್” ಎಂದರು. ಇದನ್ನು ಒಪ್ಪಿಗೆಯೆಂದು ನಾನು ಬರೆದುಕೊಂಡಿಲ್ಲ. ಇನ್ನೊಮ್ಮೆ ಹೋಗಬೇಕಾಗಿದೆ.